ಚಕ್ರದ ಚಿಪ್ಪು ಮತ್ತು ಕಲ್ಲಿನ ವಯಸ್ಸು

ನಮ್ಮಲ್ಲಿ ಅನೇಕರ ಮನೆಯ ದೇವರ ಪೆಟ್ಟಿಗೆಯಲ್ಲಿ ಸಾಲಿಗ್ರಾಮವಿರುತ್ತದೆ. ನೇಪಾಳದ ಗಂಡಕೀ ನದಿಯ ಕಡೆಯಿಂದ ಬಂದ ಕಪ್ಪು ಕಲ್ಲು ಅದು. ತಲೆಮಾರುಗಳ ಅಭಿಷೇಕದಿಂದ ನುಣ್ಣಗಾಗಿರುತ್ತದೆ. ಕೆಲವಕ್ಕೆ ಪುಟ್ಟದೊಂದು ಬಾಯಿ ಇರುವುದುಂಟು. ಒಳಗೆ ಇಣುಕಿದರೆ ಚಕ್ರ ಕಾಣುತ್ತದೆ. ವಜ್ರಕೀಟವೆಂಬ ಹುಳು ಕಲ್ಲನ್ನು ಕೊರೆದು ಆ ಚಕ್ರವನ್ನು ಮಾಡಿತೆಂದು ಪುರಾಣ ಹೇಳುತ್ತದೆ. ಭೂವಿಜ್ಞಾನಿಯ ಮಾತು ಬೇರೆ. ಅದು ಕಡಲಿನಲ್ಲಿ ಬದುಕಿದ್ದ ಅಮೋನೈಟ್ ಎಂಬ ಪ್ರಾಣಿಯ ಚಿಪ್ಪಿನ ಅಚ್ಚು ಎಂದು ಅವನು ಹೇಳುತ್ತಾನೆ. ಒಂದು ವಿಷಯದಲ್ಲಿ ಮಾತ್ರ ಇಬ್ಬರೂ ಕೂಡುತ್ತಾರೆ: ಆ ಚಕ್ರ ಉಳಿಯ ಕೆಲಸವಲ್ಲ, ಜೀವಿಯೊಂದರ ಗುರುತು.

ಪೂಜೆಯ ಕಲ್ಲನ್ನು ಹೀಗೆ ಚಿಪ್ಪೆಂದು ಕರೆಯಬಹುದೆ ಎಂದು ಕೆಲವರು ನೊಂದುಕೊಳ್ಳುವುದನ್ನು ಕೇಳಿದ್ದೇನೆ. ನೊಂದುಕೊಳ್ಳಬೇಕಾದದ್ದೇನೂ ಇಲ್ಲವೆಂದು ನನ್ನ ಎಣಿಕೆ. ಕಲ್ಲಿನಲ್ಲಿ ಯಾರನ್ನು ಕಾಣುತ್ತೇವೆ ಎಂಬುದು ಒಂದು ಪ್ರಶ್ನೆ, ಕಲ್ಲು ಎಂದಿನದು ಎಂಬುದು ಇನ್ನೊಂದು. ಇಂದು ನಾನು ಎರಡನೆಯದನ್ನು ಮಾತ್ರ ಎತ್ತಿಕೊಂಡಿದ್ದೇನೆ. ಅದಕ್ಕಾಗಿ ಹಿಮಾಲಯದವರೆಗೆ ಹೋಗಬೇಕಾಗಿಲ್ಲ. ಗಂಡಕಿಯ ಚಿಪ್ಪುಗಳು ಬಹುಮಟ್ಟಿಗೆ ಜುರಾಸಿಕ್ ಯುಗದವು. ಅವುಗಳ ನಂತರದ ಬಂಧುಗಳು, ಎಂದರೆ ಕ್ರಿಟೇಷಿಯಸ್ ಯುಗದ ಅಮೋನೈಟುಗಳು, ನಮ್ಮ ನೆರೆಯ ತಮಿಳುನಾಡಿನ ಅರಿಯಲೂರು, ತಿರುಚಿರಾಪಳ್ಳಿಗಳ ಸೀಮೆಯಲ್ಲಿಯೂ ಪಾಂಡಿಚೇರಿಯ ಹತ್ತಿರವೂ ನೆಲದಲ್ಲಿ ಹುದುಗಿವೆ. ಪ್ರಪಂಚದ ಭೂವಿಜ್ಞಾನ ಗ್ರಂಥಗಳಲ್ಲಿ ಈ ಊರುಗಳ ಹೆಸರು ನೂರೈವತ್ತು ವರ್ಷಗಳಿಂದ ಬರುತ್ತಲೇ ಇದೆ.

ಮೊದಲು ತೊಡಕೇನೆಂಬುದನ್ನು ನೋಡೋಣ. ಕಡಲಿನ ತಳದಲ್ಲಿ ಮರಳು, ಕೆಸರು, ಸುಣ್ಣ ಒಂದರ ಮೇಲೊಂದು ಕೂತು ಕಾಲಾಂತರದಲ್ಲಿ ಕಲ್ಲಾಗುತ್ತವೆ. ಕೆಳಗಿನ ಪದರ ಮೊದಲಿನದು, ಮೇಲಿನದು ಅನಂತರದ್ದು. ಕಣಜದಲ್ಲಿ ಹಳೆಯ ಭತ್ತ ಕೆಳಗಿರುವಂತೆ. ಒಂದೇ ಊರಿನಲ್ಲಿ ಈ ಲೆಕ್ಕ ಸಾಕು. ಆದರೆ ಅರಿಯಲೂರಿನ ಜೇಡಿಮಣ್ಣಿನ ಪದರವೂ ಇಂಗ್ಲೆಂಡಿನ ಬಿಳಿಯ ಸೀಮೆಸುಣ್ಣದ ಗುಡ್ಡವೂ ಒಂದೇ ಕಾಲದವೇ ಎಂದು ಕೇಳಿದರೆ ಏನು ಹೇಳುವುದು? ಬಣ್ಣವನ್ನಾಗಲಿ ಗಡಸುತನವನ್ನಾಗಲಿ ನೋಡಿ ಪ್ರಯೋಜನವಿಲ್ಲ. ಒಂದೇ ದಿನ ಒಂದು ಕಡೆ ಮರಳು ಬೀಳಬಹುದು, ಇನ್ನೊಂದು ಕಡೆ ಕೆಸರು ಕೂರಬಹುದು. ಲ್ಯಾಟಿನ್ ಭಾಷೆಯಲ್ಲಿ ಕ್ರೀಟಾ ಎಂದರೆ ಸೀಮೆಸುಣ್ಣ. ಅದರಿಂದಲೇ 1822ರಲ್ಲಿ ಬೆಲ್ಜಿಯಮ್ಮಿನ ಓಮಾಲಿಯುಸ್ ದಾಲುವಾ ಎಂಬಾತ ಯೂರೋಪಿನ ಆ ಪದರಗಳಿಗೆ ಹೆಸರಿಟ್ಟ. ಅರಿಯಲೂರಿನಲ್ಲಿ ಅಂಥ ಸೀಮೆಸುಣ್ಣದ ಗುಡ್ಡಗಳಿಲ್ಲ. ಆದರೂ ಅದು ಕ್ರಿಟೇಷಿಯಸ್ಸೇ. ಹೇಗೆ?

ಕನ್ನಡದವರಿಗೆ ಇದನ್ನು ತಿಳಿಸುವುದು ಕಷ್ಟವಲ್ಲ. ಹಾಸನ ಜಿಲ್ಲೆಯ ಹಲ್ಮಿಡಿ ಶಾಸನವನ್ನು ನೀವು ಬಲ್ಲಿರಿ. 1936ರಲ್ಲಿ ಡಾ. ಎಂ. ಎಚ್. ಕೃಷ್ಣ ಅವರು ಅದನ್ನು ಬೆಳಕಿಗೆ ತಂದರು. ಅದರಲ್ಲಿ ತೇದಿಯಿಲ್ಲ, ಶಕವರ್ಷವಿಲ್ಲ. ಆದರೂ ಅದನ್ನು ಸುಮಾರು ಕ್ರಿ.ಶ. 450ರದೆಂದು ಗಣಿಸುತ್ತೇವೆ. ಈ ನಿರ್ಣಯಕ್ಕೆ ಒಂದು ಮುಖ್ಯ ಆಧಾರ ಅದರ ಅಕ್ಷರಗಳ ರೂಪ. ಅಕ್ಷರ ಕಾಲಕಾಲಕ್ಕೆ ಬದಲಾಗುತ್ತ ಬಂದಿದೆ. ಕದಂಬರ ಕಾಲದ ತಲೆಕಟ್ಟು ಒಂದು, ಹೊಯ್ಸಳರ ಕಾಲದ ದುಂಡು ಒಂದು. ಒಮ್ಮೆ ಬಿಟ್ಟ ರೂಪ ಮತ್ತೆ ಹಾಗೆಯೇ ಹಿಂತಿರುಗುವುದಿಲ್ಲ. ಆದ್ದರಿಂದ ಬನವಾಸಿಯ ಕಲ್ಲಿನಲ್ಲಿಯೂ ಬೇರೆ ಸೀಮೆಯ ಕಲ್ಲಿನಲ್ಲಿಯೂ ಒಂದೇ ಬಗೆಯ ಅಕ್ಷರ ಕಂಡರೆ ಎರಡೂ ಹತ್ತಿರದ ಕಾಲದವೆಂದು ಲಿಪಿತಜ್ಞ ಹೇಳುತ್ತಾನೆ. ಶಿಲಾಸ್ತರದಲ್ಲಿ ಚಿಪ್ಪೇ ಅಕ್ಷರ.

ಆದರೆ ಎಲ್ಲ ಚಿಪ್ಪೂ ಇದಕ್ಕೆ ಒದಗುವುದಿಲ್ಲ. ಕೆಲವು ಚಿಪ್ಪುಪ್ರಾಣಿಗಳು ಕೋಟ್ಯಂತರ ವರ್ಷ ಹೆಚ್ಚಾಗಿ ಬದಲಾಗದೆ ಉಳಿದಿವೆ. ಅವುಗಳಿಂದ ಕಾಲ ತಿಳಿಯದು. ಕೆಲವು ಒಂದೇ ಕೊಲ್ಲಿಯ ಕೆಸರಿನಲ್ಲಿ ಹುಟ್ಟಿ ಅಲ್ಲಿಯೇ ಮುಗಿದವು. ಅವುಗಳಿಂದ ದೂರದ ಊರಿಗೆ ನಂಟು ಕಟ್ಟಲಾಗದು. ಬೇಗ ಬದಲಾಗುತ್ತಿರಬೇಕು, ದೂರ ಹರಡಿರಬೇಕು, ಕಡಲ ತಳ ಮರಳೋ ಕೆಸರೋ ಎಂಬ ಹಂಗಿರಬಾರದು, ಗುರುತು ಸ್ಪಷ್ಟವಾಗಿರಬೇಕು. ಇವೆಲ್ಲವೂ ಅಮೋನೈಟಿನಲ್ಲಿ ಕೂಡಿಬಂದಿದ್ದುವು.

ಈ ಪ್ರಾಣಿ ಇಂದಿನ ಆಕ್ಟೊಪಸ್ಸಿನ ದೂರದ ಬಂಧು. ಅದರ ಚಿಪ್ಪು ಸುರುಳಿ ಸುತ್ತಿದ ಕೊಳವೆ. ಬೆಳೆದಂತೆಲ್ಲ ಪ್ರಾಣಿ ಮುಂದಕ್ಕೆ ಸರಿದು ಹಿಂದೆ ಒಂದು ಗೋಡೆ ಕಟ್ಟಿಕೊಳ್ಳುತ್ತಿತ್ತು. ಹೀಗೆ ಕೋಣೆಯ ಹಿಂದೆ ಕೋಣೆ. ಪ್ರಾಣಿಯ ವಾಸ ಕೊನೆಯ ಕೋಣೆಯಲ್ಲಿ. ಹಿಂದಿನ ಕೋಣೆಗಳಲ್ಲಿ ಗಾಳಿ ತುಂಬಿರುತ್ತಿದ್ದುದರಿಂದ ಚಿಪ್ಪು ನೀರಿನಲ್ಲಿ ತೇಲುತ್ತಿತ್ತು. ಆ ಗೋಡೆ ಹೊರಚಿಪ್ಪಿಗೆ ಸೇರುವ ಕಡೆ ಒಂದು ಗೆರೆ ಮೂಡುತ್ತದೆ. ಇಂದಿಗೂ ಬದುಕಿರುವ ನಾಟಿಲಸ್ ಎಂಬ ಬಂಧುವಿನಲ್ಲಿ ಆ ಗೆರೆ ಸರಳ. ಕ್ರಿಟೇಷಿಯಸ್ ಕಾಲದ ಬಹುತೇಕ ಅಮೋನೈಟುಗಳಲ್ಲಿ ಅದು ಎಲೆಯಂಚಿನಂತೆ, ಕಸೂತಿಯಂತೆ ಮಡಿಕೆ ಮಡಿಕೆಯಾಗಿದೆ. ಪ್ರತಿಯೊಂದು ಕುಲಕ್ಕೂ ತನ್ನದೇ ಕಸೂತಿ. ಅದರ ಮೇಲೆ ಏಣುಗಳು, ಗಂಟುಗಳು, ಬೆನ್ನಿನ ದಿಂಡು. ಗಾತ್ರವೂ ಬಗೆಬಗೆ: ಗುಂಡಿಯಷ್ಟು ಪುಟ್ಟದೂ ಉಂಟು, 1895ರಲ್ಲಿ ಜರ್ಮನಿಯಲ್ಲಿ ದೊರೆತ ಒಂದರ ಅಡ್ಡಳತೆ ಹತ್ತಿರ ಹತ್ತಿರ ಆರು ಅಡಿ. ಸುರುಳಿಯನ್ನು ಬಿಟ್ಟು ಕೋಲಿನಂತೆ ನೆಟ್ಟಗಾದವೂ ಇದ್ದುವು, ಗೋಪುರದಂತೆ ಮೇಲಕ್ಕೆ ಸುತ್ತಿಕೊಂಡವೂ ಇದ್ದುವು. ಅಮೋನೈಟ್ ಎಂಬ ಹೆಸರು ಬಂದದ್ದು ಟಗರಿನ ಕೊಂಬುಳ್ಳ ಅಮ್ಮೋನ್ ಎಂಬ ದೇವತೆಯಿಂದ. ನಾವು ಚಕ್ರ ಕಂಡ ಕಡೆ ಆ ಜನ ಕೊಂಬನ್ನು ಕಂಡರು.

ಈಗ ಪಾಂಡಿಚೇರಿಯ ಕಥೆಗೆ ಬರೋಣ. 1840ರ ದಶಕದ ಆರಂಭದಲ್ಲಿ ಕೇ, ಕನ್ಲಿಫ್ ಎಂಬಿಬ್ಬರು ಪಾಂಡಿಚೇರಿ, ವೃದ್ಧಾಚಲ, ತಿರುಚಿರಾಪಳ್ಳಿಗಳ ಕಡೆ ಚಿಪ್ಪುಗಳನ್ನು ಕೂಡಿಸಿ ಲಂಡನ್ನಿಗೆ ಕಳುಹಿಸಿದರು. ಎಡ್ವರ್ಡ್ ಫೋರ್ಬ್ಸ್ ಎಂಬ ವಿದ್ವಾಂಸ 1846ರಲ್ಲಿ ಅವುಗಳನ್ನು ವರ್ಣಿಸಿ ಪ್ರಕಟಿಸಿದ. ಬಹುಪಾಲು ಯಾರೂ ಕಂಡರಿಯದ ಜಾತಿಗಳು. ಹೆಸರೆಲ್ಲಿಂದ ತರುವುದು? ಫೋರ್ಬ್ಸ್ ನಮ್ಮ ದೇವತೆಗಳನ್ನೇ ಕರೆದ. ಒಂದಕ್ಕೆ ಬ್ರಹ್ಮ, ಒಂದಕ್ಕೆ ವಿಷ್ಣು, ಒಂದಕ್ಕೆ ಇಂದ್ರ, ಇನ್ನೊಂದಕ್ಕೆ ಸೂರ್ಯ, ಮತ್ತೊಂದಕ್ಕೆ ವರುಣ! ಗಂಡಕಿಯ ಚಿಪ್ಪಿನಲ್ಲಿ ನಮ್ಮ ಹಿರಿಯರು ವಿಷ್ಣುವನ್ನು ಕಂಡರು. ಪಾಂಡಿಚೇರಿಯ ಚಿಪ್ಪಿಗೆ ಲಂಡನ್ನಿನಲ್ಲಿ ಕೂತ ಒಬ್ಬ ಪರದೇಶಿ ವಿಷ್ಣುವಿನ ಹೆಸರಿಟ್ಟ. ಆ ಹೆಸರುಗಳು ಶಾಸ್ತ್ರಗ್ರಂಥಗಳಲ್ಲಿ ಇಂದಿಗೂ ಹಾಗೆಯೇ ನಿಂತಿವೆ.

ಆದರೆ ಹೆಸರಿಟ್ಟವನೇ ವಯಸ್ಸಿನ ವಿಷಯದಲ್ಲಿ ಎಡವಿದ. ಪಾಂಡಿಚೇರಿಯ ಪದರಗಳು ಕ್ರಿಟೇಷಿಯಸ್ಸಿನ ಬುಡದ ಕಾಲದವೆಂದೂ ತಿರುಚಿರಾಪಳ್ಳಿಯ ಕಡೆಯವು ಅವಕ್ಕಿಂತ ಈಚಿನವೆಂದೂ ಅವನ ಅಭಿಪ್ರಾಯ. ಫ್ರಾನ್ಸಿನ ಡಾರ್ಬಿನಿ ಇದಕ್ಕೆ ಒಪ್ಪದೆ ಪಾಂಡಿಚೇರಿಯನ್ನು ಯುಗದ ಮೇಲ್ಭಾಗಕ್ಕೆ ಸೇರಿಸಿದ. ಇದು ಅಲ್ಪಸ್ವಲ್ಪದ ಭೇದವಲ್ಲ. ಕ್ರಿಟೇಷಿಯಸ್ ಯುಗ 14 ಕೋಟಿ 50 ಲಕ್ಷ ವರ್ಷಗಳ ಹಿಂದಿನಿಂದ 6 ಕೋಟಿ 60 ಲಕ್ಷ ವರ್ಷಗಳ ಹಿಂದಿನವರೆಗೆ ಚಾಚಿದೆ. ಬುಡಕ್ಕೂ ತುದಿಗೂ ಎಂಟು ಕೋಟಿ ವರ್ಷಗಳ ಅಂತರ. ಇಬ್ಬರೂ ಮಹಾವಿದ್ವಾಂಸರು. ಯಾರ ಮಾತನ್ನು ನಂಬುವುದು?

ಮಾತಿನಿಂದ ತೀರುವ ವ್ಯಾಜ್ಯವಲ್ಲವಿದು, ನೆಲವನ್ನೇ ಕೇಳಬೇಕಾಯಿತು. ಹೆನ್ರಿ ಬ್ಲ್ಯಾನ್‌ಫೋರ್ಡ್ ಎಂಬಾತ ಊರೂರು ಅಲೆದು ಪದರಗಳನ್ನು ಅಳೆದು ನಕ್ಷೆ ಮಾಡಿ 1862ರಲ್ಲಿ ವರದಿ ಹೊರಡಿಸಿದ. ಮುಂದೆ ಭಾರತದ ಹವಾಮಾನ ಇಲಾಖೆಯ ಮೊದಲ ಮುಖ್ಯಸ್ಥನಾದವನೂ ಇವನೇ. ತಿರುಚಿರಾಪಳ್ಳಿ ಸೀಮೆಯ ಪದರಗಳನ್ನು ಅವನು ಕೆಳಗಿನಿಂದ ಮೇಲಕ್ಕೆ ಮೂರು ತಂಡವಾಗಿ ವಿಂಗಡಿಸಿದ: ಊಟ್ಟತ್ತೂರು, ತಿರುಚಿರಾಪಳ್ಳಿ, ಅರಿಯಲೂರು. ಬಳಿಕ ಬಂದವನು ಫರ್ಡಿನಾಂಡ್ ಸ್ಟೊಲಿಚ್ಕ, ಮೊರಾವಿಯದ ತರುಣ. ಕಲ್ಕತ್ತೆಯಲ್ಲಿ ಕೂತು ಆ ಚಿಪ್ಪುಗಳನ್ನು ಒಂದೊಂದಾಗಿ ಬರೆದಿಟ್ಟ. ಇವನು 1874ರಲ್ಲಿ ಯಾರ್ಕಂದಿನಿಂದ ಹಿಂದಿರುಗುವಾಗ ಲಡಾಖಿನ ದಾರಿಯಲ್ಲಿ ತೀರಿಕೊಂಡ. ಆಗ ಮೂವತ್ತಾರು ವರ್ಷ. ಅವನ ಗ್ರಂಥಗಳನ್ನು ಬಿಟ್ಟು ದಕ್ಷಿಣ ಭಾರತದ ಅಮೋನೈಟುಗಳ ಮಾತನ್ನು ಇಂದಿಗೂ ಯಾರೂ ಆಡಲಾರರು.

ತೀರ್ಪು ಬಂದದ್ದು ಆಸ್ಟ್ರಿಯದ ಫ್ರಾಂಟ್ಸ್ ಕೊಸ್ಮಾಟನಿಂದ, 1890ರ ದಶಕದಲ್ಲಿ. ಅವನು ಪಾಂಡಿಚೇರಿಯ ಚಿಪ್ಪುಗಳನ್ನೂ ಅರಿಯಲೂರಿನ ಚಿಪ್ಪುಗಳನ್ನೂ ಹತ್ತಿರವಿಟ್ಟು ಹೋಲಿಸಿದ. ಅರಿಯಲೂರು ತಂಡ ಎಲ್ಲಕ್ಕಿಂತ ಮೇಲಿನದೆಂಬುದು ಪದರಗಳನ್ನು ಅಳೆದಾಗಲೇ ಸ್ಥಿರವಾಗಿತ್ತಷ್ಟೆ. ಪಾಂಡಿಚೇರಿಯ ಬಂಧುತ್ವವೆಲ್ಲ ಆ ಮೇಲಿನ ತಂಡದ ಕಡೆಗೆ. ಫೋರ್ಬ್ಸ್ ವರ್ಣಿಸಿದ್ದ ನೆಟ್ಟನೆಯ ಕೋಲಿನಂಥ ಚಿಪ್ಪೊಂದಿದೆ. ಇಂದು ಅದನ್ನು ಯೂಬ್ಯಾಕ್ಯುಲೈಟೀಸ್ ಎನ್ನುತ್ತಾರೆ. ಆ ಕುಲ ಪ್ರಪಂಚದಲ್ಲಿ ಎಲ್ಲಿ ದೊರೆತರೂ ಕ್ರಿಟೇಷಿಯಸ್ಸಿನ ಕಟ್ಟಕಡೆಯ ಭಾಗವಾದ ಮಾಸ್ಟ್ರಿಷ್ಟಿಯನ್ ಕಾಲದ ಗುರುತು. ಡಾರ್ಬಿನಿಯ ಮಾತೇ ನಿಂತಿತು.

ಬ್ಲ್ಯಾನ್‌ಫೋರ್ಡನ ಏಣಿಯನ್ನು ಒಮ್ಮೆ ಹತ್ತಿ ನೋಡೋಣ. ತಳದಲ್ಲಿ ಊಟ್ಟತ್ತೂರು ತಂಡ. ಕಾರೈ ಎಂಬ ಊರಿನ ಬಳಿ ಇದರ ಜೇಡಿನೆಲ ಮಳೆಗೆ ಕೊರೆದು ಕೊರೆದು ಹುಲ್ಲೂ ಬೆಳೆಯದ ಬೋಳು ದಿಬ್ಬಗಳಾಗಿವೆ, ನಡುವೆ ಜಿಪ್ಸಮ್ಮಿನ ಗೆರೆಗಳು ಹೊಳೆಯುತ್ತವೆ. ಇಲ್ಲಿ ಕೊಸ್ಮಾಟ್ ಮೂರು ಮೆಟ್ಟಿಲುಗಳನ್ನು ಗುರುತಿಸಿದ. ಕೆಳಗಿನ ಮೆಟ್ಟಿಲಿನ ಚಿಪ್ಪಿಗೆ ಇಂದಿನ ಹೆಸರು ಮಾರ್ಟೊನಿಸೆರಸ್, ನಡುವಿನದು ಅಕ್ಯಾಂಥೊಸೆರಸ್, ಮೇಲಿನದು ಮ್ಯಾಮೈಟೀಸ್. ಹೆಸರುಗಳು ಬಾಯಿಗೆ ಒಗ್ಗವು, ನಿಜ. ಅವುಗಳ ಕ್ರಮವನ್ನು ಮಾತ್ರ ಗಮನಿಸಿ. ಇದೇ ಮೂರು ಇದೇ ಸರದಿಯಲ್ಲಿ ಯೂರೋಪಿನಲ್ಲಿಯೂ ಬರುತ್ತವೆ. ಆಲ್ಬಿಯನ್, ಸೆನೊಮೇನಿಯನ್, ಟುರೋನಿಯನ್ ಎಂದು ಅಲ್ಲಿಯವರು ಕರೆಯುವ ಕಾಲಗಳು ಇವೇ. ಒಂದು ಚಿಪ್ಪು ಹೋಲಿದರೆ ಆಕಸ್ಮಿಕವೆನ್ನಬಹುದು. ಮೂರು ಚಿಪ್ಪು ಸರದಿ ತಪ್ಪದೆ ಎರಡು ಖಂಡಗಳಲ್ಲಿ ಬಂದರೆ ಹಾಗೆನ್ನಲಾಗದು. ಅಮೋನೈಟಿನ ಸಾಕ್ಷ್ಯದ ಬಲವೆಲ್ಲ ಈ ಸರದಿಯಲ್ಲಿದೆ.

ಅದರ ಮೇಲಿನದು ತಿರುಚಿರಾಪಳ್ಳಿ ತಂಡ. ಇಲ್ಲಿ ಸಿಗುವ ಒಂದು ಚಿಪ್ಪಿಗೆ ಕೊಸ್ಮಾಟನದೇ ಹೆಸರು, ಕೊಸ್ಮಾಟಿಸೆರಸ್. ಇದರ ನೆಂಟರು ಮಡಗಾಸ್ಕರಿನಲ್ಲಿಯೂ ಜಪಾನಿನಲ್ಲಿಯೂ ಇದ್ದಾರೆ. ಸಾತ್ತನೂರಿನಲ್ಲಿ ಅರವತ್ತು ಅಡಿಯಷ್ಟು ಉದ್ದದ, ಕಲ್ಲಾದ ಮರದ ಬೊಡ್ಡೆಯೊಂದು ಮಲಗಿದೆ. ನೆಲದ ಮರ ಹೊಳೆಯಲ್ಲಿ ತೇಲಿ ಕಡಲಿಗೆ ಬಂದು ಮುಳುಗಿದ್ದು. ಮರ ತನ್ನ ವಯಸ್ಸನ್ನು ತಾನು ಹೇಳಲಾರದು. ಅದು ಮಲಗಿರುವ ತಂಡದ ಚಿಪ್ಪುಗಳು ಅದರ ಪರವಾಗಿ ಹೇಳುತ್ತವೆ.

ಅನಂತರ ಅರಿಯಲೂರು ತಂಡ. ಅದರ ನೆತ್ತಿಯ ಮೇಲೆ ನಿನ್ನಿಯೂರಿನ ಪದರಗಳು. ನಿನ್ನಿಯೂರಿನಲ್ಲಿ ಬೇರೆ ಚಿಪ್ಪುಗಳುಂಟು, ನಾಟಿಲಸ್ಸಿನ ವರ್ಗದ್ದೂ ಉಂಟು. ಅಮೋನೈಟು ಒಂದೂ ಇಲ್ಲ. ಈ ಇಲ್ಲವೂ ಒಂದು ಸಾಕ್ಷ್ಯವೇ. 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ದೈತ್ಯ ಹಲ್ಲಿಗಳೊಡನೆ ಅಮೋನೈಟುಗಳೂ ಅಳಿದುವು, ನಾಟಿಲಸ್ಸಿನ ವಂಶ ಬದುಕಿಕೊಂಡಿತು. ನಿನ್ನಿಯೂರು ಆ ಪ್ರಳಯದ ಈಚೆಯ ದಡ.

ಅಮೋನೈಟಿನ ಸಾಕ್ಷ್ಯವನ್ನು ಪಾಟೀಸವಾಲಿಗೆ ಒಡ್ಡಬೇಕಾದದ್ದೂ ಉಂಟು. ಪ್ರಾಣಿ ಸತ್ತ ಮೇಲೆ ಗಾಳಿ ತುಂಬಿದ ಚಿಪ್ಪು ತೇಲಿಕೊಂಡು ಬಲುದೂರ ಹೋಗಬಹುದು. ಚಿಪ್ಪು ಸಿಕ್ಕಿದಲ್ಲಿಯೇ ಪ್ರಾಣಿ ಬದುಕಿತ್ತೆಂದು ಹೇಳಲಾಗದು. ಆದರೆ ಕಾಲನಿರ್ಣಯಕ್ಕೆ ಇದರಿಂದ ಕೇಡಿಲ್ಲ, ಲಾಭವೇ. ಇನ್ನೊಂದು ತೊಡಕು ಹೆಚ್ಚಿನದು. ಹಳೆಯ ಪದರ ಕೊಚ್ಚಿಹೋದಾಗ ಅದರ ಚಿಪ್ಪುಗಳು ಹೊಸ ಪದರದಲ್ಲಿ ಸೇರಿಕೊಳ್ಳುವುದುಂಟು. ಹಳೆಯ ವೀರಗಲ್ಲನ್ನು ತಂದು ಈಚಿನ ಕೋಟೆಯ ಗೋಡೆಗೆ ಕಟ್ಟಿದ ಹಾಗೆ. ಕಲ್ಲಿನ ಬರಹವನ್ನು ನೋಡಿ ಗೋಡೆಯ ಕಾಲ ಹೇಳಿದರೆ ಕೆಟ್ಟೆವು. ಸವೆದ ಅಂಚು, ಸುತ್ತಲಿನದಕ್ಕಿಂತ ಬೇರೆ ಬಗೆಯ ಮಣ್ಣು ಕಂಡರೆ ಅನುಭವಿಗಳು ಅನುಮಾನಿಸುತ್ತಾರೆ. ಒಂದೇ ಚಿಪ್ಪನ್ನು ನಂಬದೆ ಜೊತೆಯ ಚಿಪ್ಪುಗಳನ್ನೆಲ್ಲ ಕೇಳುತ್ತಾರೆ.

ಇಷ್ಟಾದರೂ ದೊರೆಯುವುದು ಹಿಂದುಮುಂದಿನ ಲೆಕ್ಕ ಮಾತ್ರ. ವರ್ಷಸಂಖ್ಯೆ ಎಲ್ಲಿಂದ ಬಂತೆಂದು ನೀವು ಕೇಳಬಹುದು. ಲಿಪಿಯ ವಿಷಯದಲ್ಲಿಯೂ ಹೀಗೆಯೇ ಅಲ್ಲವೆ? ಬಾದಾಮಿಯ ಮೂರನೆಯ ಗುಹೆಯಲ್ಲಿ ಮಂಗಳೇಶನ ಶಾಸನಕ್ಕೆ ಶಕವರ್ಷ 500, ಎಂದರೆ ಕ್ರಿ.ಶ. 578, ಎಂಬ ತೇದಿಯಿದೆ. ಅಂಥ ತೇದಿಯುಳ್ಳ ಶಾಸನಗಳು ಮೊಳೆ ಹೊಡೆದಂತೆ ನಿಂತು, ಉಳಿದ ಶಾಸನಗಳನ್ನು ಆ ಮೊಳೆಗಳ ನಡುವೆ ತೂಗುಹಾಕಲು ಸಾಧ್ಯವಾಗಿದೆ. ಕ್ರಿಟೇಷಿಯಸ್ಸಿನ ಮೊಳೆಗಳು ಉತ್ತರ ಅಮೆರಿಕದಲ್ಲಿವೆ. ಆ ಕಾಲದಲ್ಲಿ ಆ ಖಂಡವನ್ನು ಇಬ್ಭಾಗ ಮಾಡಿ ಒಂದು ಒಳಕಡಲಿತ್ತು. ಪಕ್ಕದ ಅಗ್ನಿಪರ್ವತಗಳು ಆಗಾಗ ಕಾರಿದ ಬೂದಿ ಅದರ ತಳದಲ್ಲಿ ತೆಳ್ಳನೆಯ ಪದರವಾಗಿ ಬೀಳುತ್ತಿತ್ತು. ಬೂದಿಯ ಹರಳುಗಳಲ್ಲಿನ ಪೊಟ್ಯಾಸಿಯಮ್ ನಿಯತ ವೇಗದಲ್ಲಿ ಆರ್ಗಾನ್ ಅನಿಲವಾಗುತ್ತ ಹೋಗುತ್ತದೆ. ಎಷ್ಟು ಆಗಿದೆಯೆಂದು ಅಳೆದರೆ ಬೂದಿ ಬಿದ್ದ ವರ್ಷ ಗೊತ್ತಾಗುತ್ತದೆ. ಬೂದಿಯ ಮೇಲೂ ಕೆಳಗೂ ಅಮೋನೈಟುಗಳು. ವಿಲಿಯಮ್ ಕಾಬ್ಬನ್ ಎಂಬ ಅಮೆರಿಕದ ಭೂವಿಜ್ಞಾನಿ ಒಂದು ಆಯುಷ್ಯವನ್ನೇ ಆ ಚಿಪ್ಪುಗಳ ಸರದಿಗೆ ಮುಡಿಪಿಟ್ಟ. 1975ರಲ್ಲಿ ಆತನೂ ಓಬ್ರಡೋವಿಚ್ ಎಂಬಾತನೂ ಕೂಡಿ ಚಿಪ್ಪಿನ ಸರದಿಗೆ ಬೂದಿಯ ವರ್ಷಗಳನ್ನು ಜೋಡಿಸಿ ಪ್ರಕಟಿಸಿದರು. ಅಲ್ಲಿ ಒಂದೊಂದು ಚಿಪ್ಪಿನ ಪಾಳಿ ಸರಾಸರಿ ಐದು ಲಕ್ಷ ವರ್ಷಗಳ ಆಸುಪಾಸು. ಐದು ಲಕ್ಷವೆಂದರೆ ನಮಗೆ ಬಹಳ. ಎಂಟು ಕೋಟಿಯ ಲೆಕ್ಕದಲ್ಲಿ ಅದು ಪಂಚಾಂಗದ ಒಂದು ದಿನದಂತೆ.

ಟುರೋನಿಯನ್ ಕಾಲ ಎಲ್ಲಿಂದ ಆರಂಭವೆಂಬುದಕ್ಕೆ ಇಡೀ ಪ್ರಪಂಚ ಒಪ್ಪಿದ ಗಡಿಕಲ್ಲು ಕೊಲೊರಾಡೋ ಸಂಸ್ಥಾನದ ಪ್ಯುಯೆಬ್ಲೊ ಊರಿನ ಹತ್ತಿರ, 86 ಎಂಬ ಅಂಕೆಯ ಪದರದ ಬುಡದಲ್ಲಿದೆ. ಅಲ್ಲಿಂದ ಮೇಲೆ ವಾಟಿನೊಸೆರಸ್ ಡೆವನೆನ್ಸ್ ಎಂಬ ಅಮೋನೈಟು ಮೊದಲ ಬಾರಿಗೆ ಕಾಣಿಸಿಕೊಳ್ಳುತ್ತದೆ. ಅದರ ವಯಸ್ಸು ಸುಮಾರು 9 ಕೋಟಿ 39 ಲಕ್ಷ ವರ್ಷ. ಡೆವನ್ ಎಂಬುದು ಇಂಗ್ಲೆಂಡಿನ ಒಂದು ಜಿಲ್ಲೆ. ಇಂಗ್ಲೆಂಡಿನ ಜಿಲ್ಲೆಯ ಹೆಸರು ಹೊತ್ತ ಚಿಪ್ಪು ಅಮೆರಿಕದಲ್ಲಿ ಗಡಿ ಕಾಯುತ್ತಿದೆ. ಅರಿಯಲೂರಿನ ಸೀಮೆಗೆ ವರ್ಷಸಂಖ್ಯೆ ಬಂದದ್ದೂ ಬಹುಮಟ್ಟಿಗೆ ಹೀಗೆ ಕೈಯಿಂದ ಕೈಗೆ ದಾಟಿ. ಅಮೆರಿಕದ ಬೂದಿಯಿಂದ ಅಲ್ಲಿಯ ಚಿಪ್ಪಿಗೆ, ಅಲ್ಲಿಂದ ಯೂರೋಪು ಮಡಗಾಸ್ಕರುಗಳ ಚಿಪ್ಪಿಗೆ, ಅಲ್ಲಿಂದ ನಮ್ಮ ಕಡೆಗೆ.

ಇದೆಲ್ಲ ವಿದ್ವಾಂಸರ ಕುತೂಹಲವೆಂದು ತಿಳಿಯಬೇಡಿ. ಅರಿಯಲೂರಿನಲ್ಲಿ ಹೊರಗೆ ಕಾಣುವ ಈ ಪದರಗಳು ಪೂರ್ವಕ್ಕೆ ಇಳಿಯುತ್ತ ತಂಜಾವೂರಿನ ಕಡೆ ನೆಲದಾಳಕ್ಕೆ ಹೋಗುತ್ತವೆ. ಆ ಪ್ರದೇಶಕ್ಕೆ ಭೂವಿಜ್ಞಾನದಲ್ಲಿ ಕಾವೇರಿ ಕೊಳ್ಳವೆಂದೇ ಹೆಸರು. ಅಲ್ಲಿ ತೈಲ ತೆಗೆಯುತ್ತಾರೆ. ಕೊಳವೆಬಾವಿಯ ಕಿರಿದಾದ ತುಂಡಿನಲ್ಲಿ ಇಡೀ ಅಮೋನೈಟು ಸಿಗುವುದು ಅಪರೂಪ. ಅಲ್ಲಿ ಸೂಕ್ಷ್ಮದರ್ಶಕಕ್ಕೆ ಮಾತ್ರ ಕಾಣುವ ಪುಡಿಚಿಪ್ಪುಗಳನ್ನು ನಂಬಬೇಕು. ಹೊರಗಿನ ನೆಲದಲ್ಲಿ ದೊಡ್ಡ ಚಿಪ್ಪೂ ಪುಡಿಚಿಪ್ಪೂ ಒಂದೇ ಪದರದಲ್ಲಿ ಕೂಡಿರುವುದರಿಂದಲೇ ಒಂದರ ಲೆಕ್ಕಕ್ಕೆ ಇನ್ನೊಂದನ್ನು ತಾಳೆ ನೋಡುವುದು ಸಾಧ್ಯ.

ಫೋರ್ಬ್ಸ್ ಇಟ್ಟ ದೇವತೆಗಳ ಹೆಸರು ಎಷ್ಟು ದೂರ ಹೋಗಿವೆಯೆಂದು ನೋಡಿದರೆ ಬೆರಗಾಗುತ್ತದೆ. ಇಂದ್ರನ ಹೆಸರಿನ ಚಿಪ್ಪು ಕೆನಡದ ಪಶ್ಚಿಮ ತೀರದಲ್ಲಿ ಸಿಕ್ಕಿದೆ. ವಿಷ್ಣುವಿನದು ಸ್ಪೇನಿನ ಬಿಸ್ಕೇ ಕೊಲ್ಲಿಯ ಬಂಡೆಗಳಲ್ಲಿ. ವರುಣನದು ಎಲ್ಲಕ್ಕಿಂತ ಹೆಚ್ಚಿನದು. ಅಂಟಾರ್ಕ್ಟಿಕದ ಸೀಮೋರ್ ದ್ವೀಪದಲ್ಲಿ ಕ್ರಿಟೇಷಿಯಸ್ಸಿನ ಕಟ್ಟಕಡೆಯ ಅಮೋನೈಟ್ ವಲಯಕ್ಕೆ ಅದರ ಹೆಸರನ್ನೇ ಇಟ್ಟಿದ್ದಾರೆ: ಜೀಲಾಂಡೈಟೀಸ್ ವರುಣ. ನ್ಯೂಜಿಲೆಂಡಿನ ಹೆಸರಿನ ಕುಲ, ವೇದದ ಜಲಾಧಿಪತಿಯ ಹೆಸರಿನ ಜಾತಿ, ಸಿಕ್ಕಿದ್ದು ದಕ್ಷಿಣ ಧ್ರುವದ ಹಿಮದ ನಾಡಿನಲ್ಲಿ. ಅದನ್ನು ಮೊದಲು ಹೆಕ್ಕಿದ್ದು ಪಾಂಡಿಚೇರಿಯ ಹೊಲಗಳಲ್ಲಿ.

ಆ ಸೀಮೆಯ ಸುಣ್ಣಕಲ್ಲಿಗೆ ಈಗ ಬೇರೆ ಬೇಡಿಕೆಯಿದೆ. ಅರಿಯಲೂರಿನ ಸುತ್ತ ಸಿಮೆಂಟು ಕಾರ್ಖಾನೆಗಳಿವೆ. ಮನೆ ಕಟ್ಟುವವರಿಗೆ ಸಿಮೆಂಟು ಬೇಕು, ಅದನ್ನು ಬೇಡವೆನ್ನಲು ನಾನು ಯಾರು? ಗಣಿ ತೋಡಿದ್ದರಿಂದಲೇ ಎಷ್ಟೋ ಪದರಗಳು ಕಣ್ಣಿಗೆ ಬಿದ್ದುವು ಎಂಬುದೂ ನಿಜ. ಆದರೆ ಯಂತ್ರದ ಬಾಯಿಗೆ ಹೋದ ಪದರವನ್ನು ಮತ್ತೆ ಓದಲಾಗದು. ಅಂಗಡಿಯಲ್ಲಿ ಊರುಹೆಸರಿಲ್ಲದೆ ಮಾರಾಟಕ್ಕಿಟ್ಟ ಅಮೋನೈಟಿನದೂ ಬಹುಮಟ್ಟಿಗೆ ಅದೇ ಪಾಡು. ನೋಡಲು ಚೆಂದ, ಆದರೆ ಯಾವ ಪದರದ್ದೆಂದು ತಿಳಿಯದ ಮೇಲೆ ಅದರ ಸಾಕ್ಷ್ಯ ಅರ್ಧ ಮುರಿದ ಹಾಗೆ. ಸ್ಟೊಲಿಚ್ಕನ ಗ್ರಂಥ ಇಂದಿಗೂ ಬಾಳುತ್ತಿರುವುದು ಚಿತ್ರಗಳ ಸೊಗಸಿನಿಂದ ಮಾತ್ರವಲ್ಲ; ಪ್ರತಿ ಚಿಪ್ಪಿನ ಜೊತೆಗೆ ಅದು ದೊರೆತ ಹಳ್ಳಿಯ ಹೆಸರನ್ನೂ ಬರೆದಿರುವುದರಿಂದ.

ತಿರುಚಿರಾಪಳ್ಳಿಗೋ ಶ್ರೀರಂಗಕ್ಕೋ ಯಾತ್ರೆ ಹೋಗುವವರು ಒಂದು ದಿನ ಉಳಿಸಿಕೊಂಡು ಅರಿಯಲೂರಿಗೆ ಹೋಗಿಬನ್ನಿ. ವಿಲ್ಲುಪುರದ ರೈಲುದಾರಿಯಲ್ಲಿಯೇ ಅದರ ನಿಲ್ದಾಣ. ಹತ್ತಿರದ ವಾರಣವಾಸಿಯಲ್ಲಿ ಪಳೆಯುಳಿಕೆಗಳ ವಸ್ತುಸಂಗ್ರಹಾಲಯವಿದೆ. ಮೊದಲು ಅದನ್ನು ನೋಡಿಕೊಂಡು ಆಮೇಲೆ ಕಾರೈಯ ದಿಬ್ಬಗಳಿಗೆ ನಡೆಯಿರಿ. ಬಿಸಿಲು ಕಠಿಣ, ನೆರಳಿಲ್ಲ, ಕುಡಿಯುವ ನೀರು ಕೈಯಲ್ಲಿರಲಿ. ಚಿಪ್ಪೇನಾದರೂ ಕಂಡರೆ ಕೀಳಬೇಡಿ. ಅದು ಕೂತ ಪದರ ಯಾವುದು, ಮೇಲೇನಿದೆ, ಕೆಳಗೇನಿದೆ ಎಂದು ಒಂದು ಚೀಟಿಯಲ್ಲಿ ಬರೆದುಕೊಂಡು ಬಂದು ಸಂಗ್ರಹಾಲಯದವರಿಗೆ ತಿಳಿಸಿ.